ಸತ್ತ ಬ್ಯಾಟರಿಯ ಸಾಕ್ಷಿ

ಬ್ಯಾಟರಿಯ ಐದನೆಯ ಕೋಣೆಯಲ್ಲಿ ಗಾಜಿನ ಕಡ್ಡಿ ಮೇಲೇಳಲೇ ಇಲ್ಲ.

ಬ್ಯಾಟರಿ ಅಂಗಡಿಯ ಕರೆಂಟಕ್ಕ ಚಾರ್ಜ್ ಅಳೆಯುವ ನಳಿಗೆಯ ತುದಿಯ ರಬ್ಬರ್ ಗುಂಡನ್ನು ಇನ್ನೊಮ್ಮೆ ಅದುಮಿ ಬಿಟ್ಟಳು. ಬ್ಯಾಟರಿಯೊಳಗಿನ ಆಸಿಡ್ ನೀರು ನಳಿಗೆಗೆ ಏರಿ ಬಂತು. ಮೊದಲ ನಾಲ್ಕು ಕೋಣೆಗಳ ನೀರಿನಲ್ಲಿ ಬೆಂಡಿನ ಹಾಗೆ ತೇಲಿ ನಿಂತಿದ್ದ ಪುಟ್ಟ ಕಡ್ಡಿ ಇಲ್ಲಿ ಮಾತ್ರ ತಳಕ್ಕಿಳಿದು ಕೂತಿತು. ಆರನೆಯದರಲ್ಲಿ ಮತ್ತೆ ತೇಲಿತು.

“ಎರಡು ದಿನ ನಿಧಾನಕ್ಕೆ ಚಾರ್ಜ್ ಹಾಕಿ ನೋಡಿದ್ದೀನಿ ಮೇಡಂ. ಐದು ಕೋಣೆ ಗಟ್ಟಿಮುಟ್ಟಾಗಿವೆ. ಇದೊಂದು ಸತ್ತಿದೆ. ಇನ್ನು ದೇವರೇ ಬಂದ್ರೂ ಏಳಲ್ಲ.”

ಇನ್‌ಸ್ಪೆಕ್ಟರಮ್ಮ ಬಗ್ಗಿ ತಾನೂ ನಳಿಗೆಯನ್ನು ನೋಡಿದಳು. ಈ ಬ್ಯಾಟರಿ ಸುಳ್ಳು ಹೇಳುತ್ತಿದೆ ಎಂದು ಸಾಬೀತು ಮಾಡಲು ಬಂದವಳು ಅವಳು. ಅದು ನೋಡಿದರೆ ನಿಜವನ್ನೇ ಹೇಳುತ್ತಿತ್ತು.

ನಿವೃತ್ತ ನರ್ಸಮ್ಮ ತನ್ನ ಮನೆಯ ಹಿತ್ತಲಿನಲ್ಲಿ, ನೆಲದಡಿಯ ನೀರಿನ ಸಂಪಿನೊಳಗೆ ಹೆಣವಾಗಿ ಸಿಕ್ಕಿ ಅಂದಿಗೆ ಎಂಟು ದಿನ. ಸಂಪಿನ ಕಾಂಕ್ರೀಟು ಮುಚ್ಚಳ ಪಕ್ಕದಲ್ಲಿ ಬಿದ್ದಿತ್ತು. ನೀರು ಸೇದಲು ಬಗ್ಗಿ ಜಾರಿದ್ದಾಳೆ ಪಾಪ ಎಂದು ಓಣಿಯವರೆಲ್ಲ ಕಣ್ಣೊರೆಸಿಕೊಂಡಿದ್ದರು. ಹೆಣ ಕೊಯ್ದ ಡಾಕ್ಟರು ಮಾತ್ರ ಇನ್‌ಸ್ಪೆಕ್ಟರಮ್ಮನನ್ನು ಒಳಗೆ ಕರೆದು ಆ ಎರಡು ಕೈಗಳನ್ನು ತೋರಿಸಿದ್ದರು. ಬೆರಳ ತುದಿಗಳು ಸವೆದು ಹಸಿಯಾಗಿದ್ದವು. ಉಗುರಿನ ಸಂದಿಯಲ್ಲಿ ಸಿಮೆಂಟು. ಮುಚ್ಚಳದ ಒಳಮೈಯಲ್ಲಿ ಗೀರುಗಳು.

ಅಂದರೆ ಆಕೆ ಒಳಗೆ ಜೀವಂತವಾಗಿದ್ದಾಗ ಯಾರೋ ಮುಚ್ಚಳ ಎಳೆದಿದ್ದರು. ಸತ್ತ ಮೇಲೆ ತೆಗೆದಿದ್ದರು. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಈ ಸಂಗತಿ ಡಾಕ್ಟರಿಗೆ, ಅವಳಿಗೆ ಮತ್ತು ದಫೇದಾರನಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಿರಲಿಲ್ಲ.

ಸಂಶಯಕ್ಕೆ ಸಿಕ್ಕಿದ್ದು ಒಬ್ಬರೇ: ನರ್ಸಮ್ಮ ಸಾಕಿ ಬೆಳೆಸಿದ ಅಕ್ಕನ ಮಗಳ ಗಂಡ, ಡ್ರೈವಿಂಗ್ ಮೇಷ್ಟ್ರು. ಆ ಮನೆ ಮಾರಿ ಡ್ರೈವಿಂಗ್ ಶಾಲೆಗೆ ಇನ್ನೊಂದು ಕಾರು ತರೋಣ ಎಂದು ಅವರು ಹಟ ಹಿಡಿದಿದ್ದರು. ಹೆಣ ಸಿಗುವ ಒಂದು ವಾರ ಮೊದಲು ಅತ್ತೆಯ ಅಂಗಳದಲ್ಲೇ ನಿಂತು ಕೂಗಾಡಿ ಬಂದಿದ್ದರು. ಆ ಮನೆಗೂ ಮೇಷ್ಟ್ರ ಊರಿಗೂ ನಲವತ್ತೈದು ಕಿಲೋಮೀಟರ್. ಆದರೆ ಅವರ ಕಾರು ಭಾನುವಾರ ಸಂಜೆಯಿಂದ ಬುಧವಾರ ಬೆಳಿಗ್ಗೆಯವರೆಗೆ ಬ್ಯಾಟರಿ ಸತ್ತು ನಿಂತಿತ್ತು. ಸೋಮವಾರ, ಮಂಗಳವಾರದ ಪಾಠ ರದ್ದಾದ ಹನ್ನೊಂದು ಮಂದಿ ವಿದ್ಯಾರ್ಥಿಗಳು ಅದಕ್ಕೆ ಸಾಕ್ಷಿ. ಬುಧವಾರ ವಾರಂಟಿಯಲ್ಲಿ ಹೊಸ ಬ್ಯಾಟರಿ ಹಾಕಿಕೊಟ್ಟ ಕರೆಂಟಕ್ಕ ಹನ್ನೆರಡನೆಯ ಸಾಕ್ಷಿ.

“ಬೇಕು ಅಂತಲೇ ಬ್ಯಾಟರಿ ಇಳಿಸಿರಬಹುದಲ್ಲ? ದೀಪ ಹಚ್ಚಿಟ್ಟು?”

ಕರೆಂಟಕ್ಕ ತಲೆಯಾಡಿಸಿದಳು. ದೀಪ ಹಚ್ಚಿಟ್ಟು ಬರಿದು ಮಾಡಿದರೆ ಆರೂ ಕೋಣೆ ಒಟ್ಟಿಗೆ ಬರಿದಾಗುತ್ತವೆ, ಚಾರ್ಜ್ ಹಾಕಿದರೆ ಒಟ್ಟಿಗೆ ಎದ್ದು ಕೂರುತ್ತವೆ ಎಂದಳು. ಒಂದೇ ಕೋಣೆ ಸಾಯುವುದು ಒಳಗಿನ ತಟ್ಟೆ ಮುರಿದಾಗ. ಅದು ಕಾರ್ಖಾನೆಯ ತಪ್ಪು. ಅದಕ್ಕೇ ಒಂದು ಮಾತಿಲ್ಲದೆ ಬೇರೆ ಕೊಟ್ಟಿದ್ದು. ಕಂಪನಿಯವನು ಬಂದು ನೋಡಿ ಒಪ್ಪುವ ತನಕ ಹಳೆಯದನ್ನು ಎಸೆಯುವ ಹಾಗಿಲ್ಲ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಸೀಸ ಕರಗಿಸುವವರ ಪಾಲಾಗಿರುತ್ತಿತ್ತು.

ಹದಿನಾಲ್ಕು ಕಿಲೋದ ಬ್ಯಾಟರಿಯನ್ನು ಅವಳು ಒಂದೇ ಕೈಯಲ್ಲಿ ಊಟದ ಡಬ್ಬಿಯ ಹಾಗೆ ಎತ್ತಿ ಮರದ ಹಲಗೆಯ ಮೇಲಿಟ್ಟಳು. ಐವತ್ತು ದಾಟಿದ ಹೆಂಗಸು. ಗಂಡ ಬಿಟ್ಟುಹೋದ ಅಂಗಡಿಯನ್ನು ಇಪ್ಪತ್ತು ವರ್ಷದಿಂದ ಒಬ್ಬಳೇ ನಡೆಸುತ್ತಿದ್ದಳು. ಹಲಗೆಯುದ್ದಕ್ಕೂ ಬ್ಯಾಟರಿಗಳು ತಂತಿಯಿಂದ ಕೈ ಕೈ ಹಿಡಿದುಕೊಂಡು ಸಾಲಾಗಿ ಕೂತು ಚಾರ್ಜ್ ಆಗುತ್ತಿದ್ದವು. ಒಂದೊಂದರ ನೆತ್ತಿಯ ಮೇಲೂ ಸೀಮೆಸುಣ್ಣದಲ್ಲಿ ಬಂದ ದಿನ, ವಾಹನದ ನಂಬರು. ಗಾಳಿಯಲ್ಲಿ ಹುಳಿ ವಾಸನೆ. ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದ್ದು.

“ಡ್ರೈವಿಂಗ್ ಶಾಲೆ ಕಾರು ಅಂದ್ರೆ ಬ್ಯಾಟರಿಗೆ ನರಕ,” ಎಂದಳು ಕೈ ತೊಳೆಯುತ್ತ. “ಹತ್ತು ಹೆಜ್ಜೆ ಹೋಗೋದು, ಆಫ್ ಆಗೋದು, ಮತ್ತೆ ಸ್ಟಾರ್ಟ್. ಕುಡಿಯೋದು ಗುಟುಕು, ಉಗುಳೋದು ಬಕೆಟ್ಟು. ವಾರಕ್ಕೊಂದ್ಸಲ ಒಂದು ಗಂಟೆ ನೆಟ್ಟಗೆ ಓಡಿಸಿ, ಇಲ್ಲಾ ನನ್ನ ಹತ್ರ ಚಾರ್ಜಿಗೆ ಬಿಡಿ ಅಂದೆ. ಮೇಷ್ಟ್ರು ಕಿವಿಗೆ ಹಾಕ್ಕೊಂಡ್ರೆ ತಾನೆ.”

ಠಾಣೆಯಲ್ಲಿ ಇನ್‌ಸ್ಪೆಕ್ಟರಮ್ಮನಿಗೆ ‘ಇನ್ನೊಂದ್ಸಲ ಮೇಡಂ’ ಎಂದು ಅಡ್ಡಹೆಸರು. ಹೇಳಿದ್ದನ್ನೇ ಮತ್ತೆ ಹೇಳಿಸುವುದು ಅವಳ ಚಟ. ಮೊದಲ ಸಲ ಜನ ನೆನಪಿನಿಂದ ಹೇಳುತ್ತಾರೆ, ಎರಡನೆಯ ಸಲ ಬೇಸರದಿಂದ ಹೇಳುತ್ತಾರೆ. ಆ ಬೇಸರದಲ್ಲೇ ಏನಾದರೂ ಉದುರುತ್ತದೆ ಎನ್ನುವುದು ಅವಳ ಅನುಭವ.

ಬುಧವಾರ ಬೆಳಿಗ್ಗೆ ಏನೇನು ಮಾಡಿದಿರಿ, ಇನ್ನೊಂದ್ಸಲ ಹೇಳಿ ಎಂದಳು.

ಕರೆಂಟಕ್ಕ ನಿಟ್ಟುಸಿರು ಬಿಟ್ಟು ಹೇಳಿದಳು. ಹೊಸ ಬ್ಯಾಟರಿ ಹೊತ್ತು ಮೇಷ್ಟ್ರ ಮನೆಯ ಹಿಂದಿನ ಶೆಡ್ಡಿಗೆ ಹೋದದ್ದು. ಬಾನೆಟ್ ಎತ್ತಿದ್ದು. ಹಳೆಯದನ್ನು ಕಳಚುವ ಮೊದಲು, ಅಂಗೈಯಗಲದ ಒಂದು ಚಿಕ್ಕ ಬ್ಯಾಟರಿಯನ್ನು ತಂತಿಯಿಂದ ಕಾರಿಗೆ ಸಿಕ್ಕಿಸಿದ್ದು.

“ಅದ್ಯಾಕೆ?”

“ಗಡಿಯಾರಕ್ಕೆ. ಬ್ಯಾಟರಿ ಕಳಚಿದ್ರೆ ಒಳಗಿನ ಗಡಿಯಾರ ಸತ್ತು, ಮತ್ತೆ ಹಾಕಿದಾಗ ಹನ್ನೆರಡರಿಂದ ಶುರುವಾಗುತ್ತೆ. ಅವರ ಕಾರಲ್ಲಿ ಅದನ್ನ ತಿರುಗಿಸೋ ಗುಂಡಿ ಉದುರಿ ಹೋಗಿದೆ. ಹೋದ ಸಲ ನನ್ನಿಂದ ಗಡಿಯಾರ ಹಾಳಾಯ್ತು ಅಂತ ಮೇಷ್ಟ್ರು ಪಿನ್ನು ಹಿಡ್ಕೊಂಡು ಅರ್ಧ ಗಂಟೆ ಒದ್ದಾಡಿ, ನನಗೆ ಬಾಯಿಗೆ ಬಂದ ಹಾಗೆ ಬೈದಿದ್ರು. ಆವತ್ತಿಂದ ನಾನು ಹುಷಾರು.” ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಈ ಸಲ ಹುಷಾರಾಗಿದ್ದೂ ಉಪಯೋಗ ಆಗಲಿಲ್ಲ ಅನ್ನಿ. ಅದು ಆಗಲೇ ತಪ್ಪು ಹೊತ್ತು ತೋರಿಸ್ತಾ ಇತ್ತು.”

ಮೊದಲ ಸಲ ಈ ಮಾತು ಬಂದಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಪೆನ್ನು ತೆಗೆದಳು. ಬ್ಯಾಟರಿ ಸತ್ತಿದ್ದಕ್ಕೆ ಗಡಿಯಾರವೂ ತಪ್ಪಿರಬೇಕಲ್ಲವೇ ಎಂದು ಕೇಳಿದಳು. ಇಲ್ಲ ಎಂದಳು ಕರೆಂಟಕ್ಕ. ಇಂಜಿನ್ ತಿರುಗಿಸಲು ಆನೆಬಲ ಬೇಕು. ಗಡಿಯಾರಕ್ಕೆ ಇರುವೆಯಷ್ಟು ಸಾಕು. ಉಳಿದ ಐದು ಕೋಣೆ ಗಡಿಯಾರವನ್ನು ತಿಂಗಳುಗಟ್ಟಲೆ ಓಡಿಸುತ್ತವೆ. ಯಾರಾದರೂ ತಂತಿ ಕಳಚಿ ಮತ್ತೆ ಹಾಕಿದರೆ ಮಾತ್ರ ಅದು ಹನ್ನೆರಡಕ್ಕೆ ಹೋಗುತ್ತದೆ.

“ಈಗ ಹೊಸ ಬ್ಯಾಟರಿ ಹಾಕಿದ ಮೇಲೂ ಅದೇ ತಪ್ಪು ಹೊತ್ತು ಇರುತ್ತಾ?”

“ಯಾರೂ ಪಿನ್ನು ಹಾಕಿ ತಿರುಗಿಸದಿದ್ರೆ ಇರುತ್ತೆ ಮೇಡಂ.”

*

ಅಲ್ಲಿಂದ ಅವಳು ನೇರ ಮೇಷ್ಟ್ರ ಮನೆಗೆ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಪಾಠ ತೆಗೆದುಕೊಂಡಿದ್ದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಆ ದಿನ ಏನಾದರೂ ನೆನಪಿದೆಯಾ ಎಂದು ಕೇಳಿದ್ದಕ್ಕೆ ಆಕೆ ನಾಚಿಕೊಂಡು ಫೋನು ತೆಗೆದಳು. ಸ್ಟೀರಿಂಗ್ ಹಿಡಿದ ಮೊದಲ ದಿನ ಎಂದು ಒಂದು ಫೋಟೋ ತೆಗೆದು ತಂಗಿಗೆ ಕಳಿಸಿದ್ದಳಂತೆ.

ಫೋಟೋದಲ್ಲಿ ಹುಡುಗಿಯ ಹಲ್ಲಿಗಿಂತ ಚೆನ್ನಾಗಿ ಕಾಣುತ್ತಿದ್ದುದು ಡ್ಯಾಶ್‌ಬೋರ್ಡು. ಗಡಿಯಾರ ಏಳು ನಲವತ್ತೆರಡು. ಫೋಟೋ ಕಳಿಸಿದ್ದೂ ಏಳು ನಲವತ್ತೆರಡಕ್ಕೆ. ಅದರ ಕೆಳಗೆ ಕಾರು ಅಲ್ಲಿಯವರೆಗೆ ಓಡಿದ ಕಿಲೋಮೀಟರು, ಒಂದೊಂದು ಅಂಕಿಯೂ ಸ್ಪಷ್ಟ. ಇನ್‌ಸ್ಪೆಕ್ಟರಮ್ಮ ಅದನ್ನು ಎರಡು ಸಲ ಬರೆದುಕೊಂಡಳು.

ಭಾನುವಾರ ಬೆಳಿಗ್ಗೆ ಸರಿಯಾಗಿದ್ದ ಗಡಿಯಾರ ಬುಧವಾರ ಬೆಳಿಗ್ಗೆ ತಪ್ಪಿತ್ತು. ನಡುವೆ ಕಾರು ಸತ್ತು ಬಿದ್ದಿತ್ತು. ಸತ್ತ ಕಾರಿನ ಬ್ಯಾಟರಿಯನ್ನು ಯಾರು ಮುಟ್ಟುತ್ತಾರೆ, ಯಾಕೆ ಮುಟ್ಟುತ್ತಾರೆ?

ದಾರಿಯಲ್ಲಿ ದಫೇದಾರನಿಗೆ ಫೋನು ಮಾಡಿದಳು. ಮಂಗಳವಾರ ತಾನು ಬಸ್ಸಿನಲ್ಲಿ ಸಾರಿಗೆ ಕಚೇರಿಗೆ ಹೋಗಿದ್ದಾಗಿ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಆದರೆ ಕೌಂಟರಿನ ಗುಮಾಸ್ತ ಮಾರನೆಯ ದಿನವೇ ರಜೆ ಹಾಕಿ ಊರಿಗೆ ಹೋಗಿದ್ದ. ಇವತ್ತು ವಾಪಸಾಗಿದ್ದಾನೆಂದು ತಿಳಿದು ದಫೇದಾರ ಬೆಳಿಗ್ಗೆಯೇ ಹೋಗಿ ಅಲ್ಲಿ ಬೆಂಚು ಬಿಸಿ ಮಾಡುತ್ತಿದ್ದ. ಗುಮಾಸ್ತ ಚಹಾಕ್ಕೆ ಹೋಗಿದ್ದಾನೆ, ಚಹಾ ಯಾವ ಊರಿನಲ್ಲಿದೆಯೋ ಗೊತ್ತಿಲ್ಲ ಎಂದ.

*

ಮೇಷ್ಟ್ರ ಹೆಂಡತಿ ಬಾಗಿಲು ತೆರೆದಳು. ಬಡಕಲು ಹೆಂಗಸು, ಗಂಡನ ಭುಜಕ್ಕೂ ಬರುವುದಿಲ್ಲ. ಎಂಟು ದಿನದಲ್ಲಿ ಕಣ್ಣುಗಳು ಇನ್ನಷ್ಟು ಒಳಗೆ ಹೋಗಿದ್ದವು. ಕಾರು ನೋಡಬೇಕು ಎಂದಾಗ ಯಾಕೆ ಎಂದು ಕೇಳದೆ ಕೀಲಿ ತಂದುಕೊಟ್ಟು ಅಡುಗೆಮನೆಗೆ ಹೋದಳು.

ಶೆಡ್ಡು ಮನೆಯ ಬೆನ್ನಿಗೆ ಅಂಟಿಕೊಂಡಿತ್ತು. ಅದರ ಬಾಗಿಲು ತೆರೆಯುವುದು ಹಿಂದಿನ ಓಣಿಗೆ. ಆಚೆ ಒಂದು ಗೋದಾಮಿನ ಕುರುಡು ಗೋಡೆ. ಇಲ್ಲಿಂದ ಕಾರು ಹೊರಟರೆ ನೋಡುವ ಕಿಟಕಿಯೇ ಇಲ್ಲ. ಡ್ರೈವಿಂಗ್ ಶಾಲೆಯ ಫಲಕವನ್ನು ಕಾರಿನ ನೆತ್ತಿಯಿಂದ ಇಳಿಸಿ ಮೂಲೆಗೆ ಒರಗಿಸಿದ್ದರು. ಸಾವಾದ ದಿನದಿಂದ ಪಾಠ ನಿಂತಿತ್ತು. ಬುಧವಾರ ಹೆಣ ಸಿಕ್ಕ ಸುದ್ದಿ ಬಂದಾಗ ಒಮ್ಮೆ ಅತ್ತೆಯ ಮನೆಗೆ ಹೋಗಿ ಬಂದದ್ದು ಬಿಟ್ಟರೆ ಕಾರು ಹೊರಗೆ ಹೋಗಿಲ್ಲ ಎಂದು ಮೇಷ್ಟ್ರು ಹಿಂದೆ ನಿಂತು ಹೇಳಿದರು. ಅವರು ಯಾವಾಗ ಬಂದರೋ ಅವಳಿಗೆ ಕೇಳಿಸಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದಳು. ಡ್ಯಾಶ್‌ಬೋರ್ಡಿನ ಹಸಿರು ಅಂಕಿಗಳು ಹತ್ತಿಕೊಂಡವು.

ಆರು ಮೂವತ್ತು.

ಅವಳ ಕೈಗಡಿಯಾರದಲ್ಲಿ ಹನ್ನೊಂದು ಹತ್ತು.

ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. ಈ ಗಡಿಯಾರ ಹನ್ನೆರಡು ತೋರಿಸಿದಾಗ ನಿಜವಾದ ಹೊತ್ತು ನಾಲ್ಕು ನಲವತ್ತು. ಬೆಳಗಿನ ಜಾವದ್ದೋ ಸಂಜೆಯದ್ದೋ, ಯಾವುದೋ ಒಂದು ನಾಲ್ಕು ನಲವತ್ತಕ್ಕೆ ಯಾರೋ ಈ ಕಾರಿಗೆ ಬ್ಯಾಟರಿ ಸಿಕ್ಕಿಸಿದ್ದರು. ಇನ್ನು ಉಳಿದಿದ್ದು ಕಿಲೋಮೀಟರು. ಚೀಟಿ ತೆಗೆದು ಕಳೆದು ನೋಡಿದಳು. ಭಾನುವಾರದ ಪಾಠಗಳಿಗೆ ಒಂದಿಷ್ಟು, ಬುಧವಾರದ ಒಂದು ಹೋಗಿಬರುವಿಕೆಗೆ ತೊಂಬತ್ತು. ಅದರ ಮೇಲೆ ಇನ್ನೂ ತೊಂಬತ್ತು ಹೆಚ್ಚಿಗೆ ಇತ್ತು.

ಸತ್ತ ಕಾರು ನರ್ಸಮ್ಮನ ಮನೆಗೆ ಹೋಗಿ ಬಂದಿತ್ತು.

“ಕೂತ್ಕೊಳ್ಳಿ ಮೇಷ್ಟ್ರೇ.”

ಅವರು ಪಕ್ಕದ ಸೀಟಿನಲ್ಲಿ ಕೂತರು. ಹದಿನೆಂಟು ವರ್ಷದಿಂದ ಕೂರುವ ಸೀಟು. ಕಾಲು ತಾನಾಗಿ ಆ ಬದಿಯ ಬ್ರೇಕಿನ ಮೇಲೆ ಹೋಯಿತು.

ಅವಳು ದನಿ ಏರಿಸದೆ ಒಂದೊಂದಾಗಿ ಮುಂದಿಟ್ಟಳು. ಫೋಟೋ. ಗಡಿಯಾರ. ಕಿಲೋಮೀಟರು. ಸತ್ತ ಬ್ಯಾಟರಿ ಕಳಚಿ, ಜೀವ ಇರುವ ಇನ್ನೊಂದು ಬ್ಯಾಟರಿ ಹಾಕಿ, ಕೆಲಸ ಮುಗಿಸಿ ಬಂದು, ಸತ್ತದ್ದನ್ನೇ ಮತ್ತೆ ಸಿಕ್ಕಿಸಿ ಇಡಲಾಗಿದೆ ಎಂದಳು. ಮಂಗಳವಾರ ಮೂರರ ಸುಮಾರಿಗೆ ಅಲ್ಲಿಂದ ಹೊರಟರೆ ಒಂದೂವರೆ ಗಂಟೆ ದಾರಿ. ನಾಲ್ಕು ನಲವತ್ತಕ್ಕೆ ಇಲ್ಲಿ ತಂತಿ ಬಿಗಿಯುವುದಕ್ಕೆ ಸರಿಹೋಗುತ್ತದೆ.

ಮೇಷ್ಟ್ರು ಗಡಿಯಾರವನ್ನೇ ನೋಡುತ್ತಿದ್ದರು. ಅದನ್ನು ಅವರು ಅಲ್ಲಿಯವರೆಗೆ ಗಮನಿಸಿಯೇ ಇಲ್ಲ ಎನ್ನುವುದು ಅವರ ಮುಖದಲ್ಲಿ ಬರೆದ ಹಾಗಿತ್ತು. ಆರು ಮೂವತ್ತೊಂದಾಯಿತು. ಆರು ಮೂವತ್ತೆರಡಾಯಿತು. ಅವರು ತಲೆ ತಿರುಗಿಸಿ ಒಮ್ಮೆ ಮನೆಯ ಹಿಂಬಾಗಿಲ ಕಡೆ ನೋಡಿದರು.

“ನಾನೇ ಮಾಡಿದ್ದು,” ಎಂದರು.

ಇಷ್ಟು ಬೇಗ ಯಾರೂ ಒಪ್ಪಿಕೊಳ್ಳುವುದಿಲ್ಲ.

“ಇನ್ನೊಂದ್ಸಲ ಹೇಳಿ.”

ಅವರು ಹೇಳಿದರು. ಸಾರಿಗೆ ಕಚೇರಿಯ ಮಾತು ಸುಳ್ಳು ಎಂದರು. ಮನೆಯ ವಿಷಯಕ್ಕೆ ಜಗಳ ಬೆಳೆದು, ಸಿಟ್ಟು ನೆತ್ತಿಗೇರಿ ತಳ್ಳಿಬಿಟ್ಟೆ ಎಂದರು. ಬ್ಯಾಟರಿ ಹೇಗೆ ಕಳಚಿದಿರಿ ಎಂದರೆ ಮೊದಲು ಕಪ್ಪು ತಂತಿ, ಆಮೇಲೆ ಕೆಂಪು, ಹತ್ತನೇ ನಂಬರ್ ಸ್ಪ್ಯಾನರು ಎಂದು ಪಾಠ ಒಪ್ಪಿಸಿದರು. ಅದೇನು, ಹದಿನೆಂಟು ವರ್ಷ ಕಾರು ಕಲಿಸಿದವರಿಗೆ ನಿದ್ದೆಯಲ್ಲೂ ಬರುವ ಮಾತು.

“ತಳ್ಳಿದ ಮೇಲೆ?”

“ಆಮೇಲೇನು. ಓಡಿ ಬಂದೆ.”

“ಮುಚ್ಚಳ?”

“ಅದು ತೆಗೆದೇ ಇತ್ತಲ್ಲ. ನೀರು ಸೇದ್ತಾ ಇದ್ರು.”

ಅವರಿಗೆ ಗೊತ್ತಿರಲಿಲ್ಲ. ಮುಚ್ಚಳ ಮುಚ್ಚಿದ್ದು, ಒಳಗಿಂದ ಗೀರಿದ್ದು, ಏನೂ ಗೊತ್ತಿರಲಿಲ್ಲ.

ಆ ಇನ್ನೊಂದು ಬ್ಯಾಟರಿ ಎಲ್ಲಿದೆ ಎಂದು ಅವಳು ಕೇಳಿದಳು. ಹೊಳೆಗೆ ಎಸೆದೆ ಎಂದರು. ಯಾವ ಸೇತುವೆಯಿಂದ ಎಂದರೆ ತಡಬಡಾಯಿಸಿದರು.

ಫೋನು ಬಡಿದುಕೊಂಡಿತು. ದಫೇದಾರ. ಗುಮಾಸ್ತ ಕೊನೆಗೂ ಚಹಾದಿಂದ ಬಂದಿದ್ದ. ಮಂಗಳವಾರ ಎರಡೂವರೆಯಿಂದ ಐದರವರೆಗೆ ಮೇಷ್ಟ್ರು ಮೂವರು ವಿದ್ಯಾರ್ಥಿಗಳ ಅರ್ಜಿ ಹಿಡಿದು ಕೌಂಟರಿನ ಮುಂದೆಯೇ ಇದ್ದರಂತೆ. ಪ್ರಿಂಟ್ ಯಂತ್ರ ಕೆಟ್ಟಿದ್ದಕ್ಕೆ ಗುಮಾಸ್ತನ ಮೇಲೆ ಎರಡು ಸಲ ರೇಗಿದ್ದರಂತೆ. ಗೋಡೆಯ ಕ್ಯಾಮೆರಾದಲ್ಲೂ ಇದ್ದಾರೆ, ನಾನೇ ಕಣ್ಣಾರೆ ನೋಡಿದೆ ಮೇಡಂ ಎಂದ ದಫೇದಾರ.

ಅವಳು ಫೋನು ಕೆಳಗಿಟ್ಟು ಮೇಷ್ಟ್ರ ಕಡೆ ತಿರುಗಿದಳು.

“ಮಾಡದ ಕೊಲೆ ಯಾಕೆ ಹೊತ್ಕೊಳ್ತಾ ಇದ್ದೀರಿ?”

ಮೇಷ್ಟ್ರು ಅವಳಿಗೆ ಮಾತ್ರ ಕೇಳಿಸುವ ಹಾಗೆ ಬುಧವಾರದ ಒಂದು ಸಂಗತಿ ಹೇಳಿದರು.

ಹೊಸ ಬ್ಯಾಟರಿ ಹಾಕಿದ ಮೇಲೆ ಕಾರು ತೆಗೆಯಲು ಕೂತಾಗ ಅವರ ಮಂಡಿ ಸ್ಟೀರಿಂಗಿಗೆ ಬಡಿಯಿತು. ಸೀಟು ತನ್ನ ಹಳಿಯ ಮೇಲೆ ನಾಲ್ಕು ಹಲ್ಲಿನಷ್ಟು ಮುಂದಕ್ಕಿತ್ತು. ಕನ್ನಡಿ ಕೆಳಕ್ಕೆ ಬಗ್ಗಿತ್ತು. ಯಾರ ಕಾಲಳತೆಗೆ ಸೀಟು ಎಷ್ಟು ಸರಿಸಬೇಕು ಎನ್ನುವುದು ಅವರ ಹೊಟ್ಟೆಪಾಡು. ವಿದ್ಯಾರ್ಥಿ ಗೇಟಿನಿಂದ ನಡೆದು ಬರುವಾಗಲೇ ಅಳತೆ ಹಾಕುತ್ತಾರೆ. ಆ ನಾಲ್ಕು ಹಲ್ಲು ಯಾರದ್ದೆಂದು ಗೊತ್ತಾಗಲು ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಆಗಲೇ ಅತ್ತೆ ತೀರಿಕೊಂಡ ಫೋನು ಬಂದಿತ್ತು. ಹೆಂಡತಿ ಒಳಗೆ ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಿದ್ದಳು. ಅವರು ಸೀಟನ್ನು ಹಿಂದಕ್ಕೆ ತಳ್ಳಿದರು. ಎಂಟು ದಿನದಿಂದ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ, ಒಬ್ಬರನ್ನೊಬ್ಬರು ಏನೂ ಕೇಳದೆ ಇದ್ದರು.

“ಅವಳಿಗೆ ಡ್ರೈವಿಂಗೇ ಬರಲ್ಲ ಮೇಡಂ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಕಲಿಸೋಕೆ ಹೋಗಿ ಕೂಗಾಡಿದೆ. ನಡುದಾರಿಯಲ್ಲಿ ಇಳಿದು ಮನೆಗೆ ನಡ್ಕೊಂಡು ಬಂದಳು. ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ನನಗೆ ಗೊತ್ತಿರೋ ಹಾಗೆ.”

“ಬರುತ್ತೆ.”

ಹಿಂಬಾಗಿಲ ಮೆಟ್ಟಿಲ ಮೇಲೆ ಅವಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

“ಎರಡು ವರ್ಷದಿಂದ ಬರುತ್ತೆ,” ಎಂದಳು ಗಂಡನಿಗೆ. “ನಿಮಗೆ ಹೇಳೋ ಧೈರ್ಯ ಇರಲಿಲ್ಲ.” ಆಮೇಲೆ ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿದಳು. “ಆ ಬ್ಯಾಟರಿ ಹೊಳೆಯಲ್ಲಿಲ್ಲ ಮೇಡಂ. ನನ್ನ ಹೊಲಿಗೆ ಮಿಷನ್ನಿನ ಕೆಳಗೆ, ಚಿಂದಿ ಬಟ್ಟೆ ಮೂಟೆಯೊಳಗಿದೆ. ಇವರನ್ನ ಬಿಟ್ಬಿಡಿ.”

ಮೇಷ್ಟ್ರು ಬಾಯಿ ತೆರೆದರು. ಇನ್‌ಸ್ಪೆಕ್ಟರಮ್ಮ ಕೈಯೆತ್ತಿ ಅವರನ್ನು ಸುಮ್ಮನಿರಿಸಿದಳು.

ಹೆಂಡತಿ ಮೆಟ್ಟಿಲ ಮೇಲೆಯೇ ಕೂತಳು. ಮಾತು ಶುರುವಾದ ಮೇಲೆ ನಿಲ್ಲಲಿಲ್ಲ. ಸೋಮವಾರ ಸಂಜೆ ಚಿಕ್ಕಮ್ಮ ಫೋನು ಮಾಡಿದ್ದಳು. ನಾಳೆ ಬಾ, ಒಂದು ವಿಷಯ ಹೇಳಬೇಕು, ಫೋನಿನಲ್ಲಿ ಹೇಳುವಂಥದ್ದಲ್ಲ, ಗಂಡನಿಗೆ ತಿಳಿಸಬೇಡ ಎಂದಿದ್ದಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಸಾವು ನೋವು ಕಂಡ ಹೆಂಗಸು, ಯಾವತ್ತೂ ದನಿ ನಡುಗಿಸಿದವಳಲ್ಲ. ಅವತ್ತು ನಡುಗಿಸಿದ್ದಳು. ಬಸ್ಸಿನಲ್ಲಿ ಹೋದರೆ ಗಂಡ ಮನೆಗೆ ಬರುವುದರೊಳಗೆ ವಾಪಸಾಗಲು ಆಗುತ್ತಿರಲಿಲ್ಲ. ಅದಕ್ಕೇ ಕಾರು. ಅದಕ್ಕೇ ಬೇರೆ ಬ್ಯಾಟರಿ.

“ಹೋದಾಗ ಮುಂದಿನ ಬಾಗಿಲು ತೆಗೆದಿತ್ತು. ಒಳಗೆ ಯಾರೂ ಇರಲಿಲ್ಲ. ಚಿಕ್ಕಮ್ಮಾ ಅಂತ ಕೂಗಿದೆ. ಹಿತ್ತಲಿನಿಂದ ಏನೋ ಸದ್ದು ಬಂತು. ಯಾರೋ ಬಾಗಿಲು ಬಡಿದ ಹಾಗೆ. ಆದರೆ ಹಿತ್ತಲಲ್ಲಿ ಬಾಗಿಲೇ ಇಲ್ಲ.” ಅವಳು ಬೆರಳ ಗಂಟಿನಿಂದ ಮೆಟ್ಟಿಲನ್ನು ಎರಡು ಸಲ ತಟ್ಟಿ ತೋರಿಸಿದಳು. “ಮುಚ್ಚಳದ ಕೆಳಗಿಂದ ಬಡೀತಾ ಇದ್ರು.”

ಅವಳು ಹೇಳಿದ್ದು ನಿಜ. ಈ ಸದ್ದನ್ನು ಯಾರೂ ಊಹಿಸಿ ಹೇಳಲಾರರು.

“ಎಳೆದೆವು ಮೇಡಂ. ಕೈ ಕಿತ್ತು ಬರೋ ಹಾಗೆ ಎಳೆದೆವು. ಅದು ಜರುಗೋ ಹೊತ್ತಿಗೆ ಬಡಿಯೋದು ನಿಂತಿತ್ತು. ಒಳಗೆ ಬಗ್ಗಿ ಕೂಗಿದೆ. ನೀರು ಅಲುಗಾಡ್ತಾ ಇತ್ತು, ಅಷ್ಟೇ.”

ಗಂಡ ಕಾರಿನಿಂದಿಳಿದು ಅವಳ ಹತ್ತಿರ ಹೋಗಲು ನೋಡಿದರು. ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. ಅವಳೂ ಅವರನ್ನು ನೋಡಲಿಲ್ಲ. ಇದು ನಿನ್ನ ಗಂಡನದೇ ಕೆಲಸ ಎಂದು ಅಲ್ಲೇ ತನಗೆ ಹೇಳಲಾಯಿತು ಎಂದಳು ನೆಲ ನೋಡುತ್ತ. ಬಾಯಿ ಬಿಟ್ಟರೆ ಅವರೂ ಜೈಲಿಗೆ, ನೀನೂ ಜೈಲಿಗೆ ಎಂದು. ಅವಳು ನಂಬಿದ್ದಳು. ಎಂಟು ದಿನ ಪಕ್ಕದಲ್ಲಿ ಮಲಗಿದವನನ್ನು ಕೊಲೆಗಾರನೆಂದು ನಂಬಿ ಅವನಿಗೆ ಬಡಿಸಿದ್ದಳು. ಆತನೂ ಅವಳನ್ನು ಹಾಗೇ ನಂಬಿ ಉಂಡಿದ್ದ.

ಇನ್‌ಸ್ಪೆಕ್ಟರಮ್ಮನ ಕಿವಿಯಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಎಳೆದೆ ಎಂದಿರಲಿಲ್ಲ. ಎಳೆದೆವು.

“ಯಾರು ಹೇಳಿದ್ದು? ನಿಮ್ಮ ಜೊತೆ ಯಾರಿದ್ರು?”

“ಬ್ಯಾಟರಿ ತಂದು ಹಾಕಿಕೊಟ್ಟವರು. ನನಗೆ ಕಾರು ಕಲಿಸಿದವರು.” ಅವಳಿಗೆ ಅದು ಹೇಳಲೇಬೇಕಾದ ಸಂಗತಿ ಎಂದೇ ಅನಿಸಿದಂತಿರಲಿಲ್ಲ. “ಕರೆಂಟಕ್ಕ. ಚಿಕ್ಕಮ್ಮ ಕರೆದಿದ್ದು ಅವರಿಗೆ ಮಾತ್ರ ಹೇಳಿದ್ದೆ, ನನ್ನ ವಿಷಯ ಏನಾದ್ರೂ ಅಂದ್ರಾ ಅಂತ ಎರಡು ಸಲ ಕೇಳಿದ್ರು. ಒಬ್ಬಳೇ ಅಷ್ಟು ದೂರ ಓಡಿಸಬೇಡ, ನಾನೂ ಬರ್ತೀನಿ ಅಂದ್ರು. ಅವರ ಗಾಡಿ ಮೇಲೆ ಅಂಗಡಿ ಹೆಸರಿದೆ, ಎಲ್ಲರೂ ಗುರುತು ಹಿಡೀತಾರೆ ಅಂತ ನಮ್ಮ ಕಾರಲ್ಲೇ ಹೋದೆವು.”

ಇನ್‌ಸ್ಪೆಕ್ಟರಮ್ಮ ಮೇಲೆದ್ದಳು. ಗಡಿಯಾರದ ಮಾತು ಎತ್ತಿದವಳು ಕರೆಂಟಕ್ಕ. ಮೇಷ್ಟ್ರ ಕೊರಳಿಗೆ ನೇರ ಹೋಗಿ ಬೀಳುವ ಹಾಗೆ ಆ ನೂಲನ್ನು ಬಿಚ್ಚಿ ಕೈಗೆ ಕೊಟ್ಟವಳು ಅವಳೇ.

“ಮನೆ ಹತ್ರ ಇಬ್ಬರೂ ಒಟ್ಟಿಗೇ ಇಳಿದ್ರಾ?”

“ಇಲ್ಲ. ಓಣಿ ಕಿರಿದು. ನನಗೆ ಕಾರು ತಿರುಗಿಸಿ ನಿಲ್ಲಿಸೋಕೆ ಬಾರದೆ ಹತ್ತು ಹದಿನೈದು ನಿಮಿಷ ಒದ್ದಾಡಿದೆ. ಅಕ್ಕ ಮೊದಲೇ ಇಳಿದು ಒಳಗೆ ಹೋದ್ರು.”

“ನೀವು ಹಿತ್ತಲಿಗೆ ಹೋದಾಗ ಅವರು ಎಲ್ಲಿದ್ರು?”

ಹೆಂಡತಿ ಕಣ್ಣು ಕಿರಿದು ಮಾಡಿ ನೆನಪಿಸಿಕೊಂಡಳು. ಮೊದಲ ಸಲ ಆ ದೃಶ್ಯವನ್ನು ನೋಡುತ್ತಿರುವವಳ ಹಾಗೆ ಅವಳ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

“ಗೋಡೆಯಾಚೆ ಯಾರಾದ್ರೂ ಓಡಿಹೋದ್ರಾ ಅಂತ ನೋಡ್ತಿದ್ದೀನಿ ಅಂದ್ರು,” ಎಂದಳು. “ಮುಚ್ಚಳದ ಮೇಲೆ ಹತ್ತಿ ನಿಂತಿದ್ರು.”